ಬಾಟ್ಲಿ ನಿಲ್ಲಬೇಕು

ಭಾಷಾ ಪರೀಕ್ಷೆಯ ಕೊಠಡಿಯ ಹೊರಗೆ ಮಗಳಿಗಾಗಿ ಕಾಯುತ್ತ ತೂಕಡಿಸುತ್ತಿದ್ದ ನನ್ನ ಪಕ್ಕದಲ್ಲೇ ಯಾರೋ ಇಬ್ಬರು ಅಕ್ಕ ತಂಗಿಯರು ಬಂದು ಕುಳಿತರು. ತಂಗಿ ನರ್ಸು, ಡ್ಯಾನಿಷ್ ಪಾಸಾಗದಿದ್ದರೆ ಅವಳಿಗೆ ಡೆನ್ಮಾರ್ಕಿನಲ್ಲಿ ಕೆಲಸವಿಲ್ಲ. ಕೈಯಲ್ಲಿ ನೀರಿನ ಬಾಟಲಿ, ಮಡಿಲಲ್ಲಿ ಒಂದು ಚಮಚ.

“ಹೋದ ಸಲ ಎಲ್ಲಿ ಎಡವಿದೆ?”

“ಔಷಧಿ ಬಾಟ್ಲಿ ಮೇಜಿನ ಮೇಲಿಡೋದನ್ನ ಹೇಳಿ ಅಂದ್ರು. ಇಂಗ್ಲಿಷಲ್ಲಿ ಎಲ್ಲಕ್ಕೂ ಒಂದೇ ‘ಪುಟ್’ ಸಾಕಲ್ವಾ ಅಕ್ಕ, ಅದನ್ನೇ ನಂಬ್ಕೊಂಡು ಹೋದೆ. ಡ್ಯಾನಿಷಲ್ಲಿ ಬಾಟ್ಲಿಗೆ ‘ನಿಲ್ಲಿಸ್ದೆ’ ಅನ್ಬೇಕು, ಚಮಚಕ್ಕೆ ‘ಮಲಗಿಸ್ದೆ’ ಅನ್ಬೇಕು. ನಾನು ಬಾಟ್ಲಿನೇ ಮಲಗಿಸ್ಬಿಟ್ಟೆ.”

“ಔಷಧಿಯೆಲ್ಲ ಚೆಲ್ಲಿಹೋಯ್ತು ಅನ್ನು!”

“ನಗ್ಬೇಡ ಕಣೆ.”

“ಮತ್ತೆ? ಅಡುಗೆಮನೇಲಿ ನೀನೇ ‘ಬಾಟ್ಲಿ ನೆಟ್ಟಗೆ ನಿಲ್ಸು’ ಅಂತ ನನ್ನ ಗದರ್ತೀಯ. ನಮ್ಮ ಮಾತಲ್ಲೇ ಇರೋದಕ್ಕೆ ಇಂಗ್ಲಿಷ್ ಮನೆ ಬಾಗಿಲು ಯಾಕೆ ತಟ್ಟಿದೆ? ಸುತ್ತಿ ಬಳಸಿ ಮೂಗು ಹಿಡಿದ ಹಾಗೆ.”

“ಅದಕ್ಕೇ ಈಗ ಈ ಬಾಟ್ಲಿ, ಚಮಚ ಇಟ್ಕೊಂಡೇ ಅಭ್ಯಾಸ; ಕೈ ಮಾಡಿದ್ದನ್ನ ಬಾಯಿ ನೇರ ಡ್ಯಾನಿಷಲ್ಲೇ ಹೇಳುತ್ತೆ. ಮಧ್ಯೆ ಇಂಗ್ಲಿಷಿಗೆ ಜಾಗ ಇಲ್ಲ.”

“ಈ ಸಲವೂ ಆಗ್ದಿದ್ರೆ?”

“ಮತ್ತೆ ಬರ್ತೀನಿ. ಬಾಟ್ಲಿ ನಿಲ್ಲೋವರೆಗೂ ಬಿಡಲ್ಲ.”

ಒಳಗಿನಿಂದ ಕರೆ ಬಂತು. ತಂಗಿ ಎದ್ದು ಬಾಟಲಿಯನ್ನು ಬೆಂಚಿನ ಮೇಲೆ ನಿಲ್ಲಿಸಿದಳು, ಪಕ್ಕದಲ್ಲಿ ಚಮಚವನ್ನು ಮಲಗಿಸಿದಳು. ಎರಡಕ್ಕೂ ಬೇರೆ ಬೇರೆ ಡ್ಯಾನಿಷ್ ಮಾತನ್ನು ಗಟ್ಟಿಯಾಗಿ ಹೇಳಿ, ಬರಿಗೈಯಲ್ಲಿ ಒಳಗೆ ಹೋದಳು.