ಬಾವಿಗೆ ಇಳಿಬಿಟ್ಟ ಇಂಜೆಕ್ಷನ್

ಲೈಟು ಆರಿಸಬೇಡಿ, ಇರಲಿ. ಇದು ಯಾರೋ ಎಲ್ಲೋ ಹೇಳಿದ ಕತೆ ಅಲ್ಲ. ಮೋರಖಂಡಿಯಲ್ಲಿ ನಮ್ಮ ಚಿಕ್ಕಪ್ಪನ ಸೊಸೆ ದ್ರೌಪತಿಗೆ ಆದದ್ದು. ಎರಡು ಬೇಸಿಗೆಯ ಹಿಂದೆ. ಹಳೇ ಕಾಲದ ಮಾತು ಅಂತ ಆಕಳಿಸುತ್ತ ಕೂರಬೇಡಿ... ಅವಳೂ ಇದ್ದಾಳೆ, ಆ ಬಾವಿಯೂ ಇದೆ.

ಊರೆಲ್ಲ ಉಂಡು ಮಲಗುವ ಹೊತ್ತು. ಹೊಲದ ದಾರಿಯಲ್ಲಿ ದ್ರೌಪತಿ ಒಬ್ಬಳೇ ಮನೆಗೆ ಬರುತ್ತಿದ್ದಳು. ಗಂಡ ಮಚ್ಚೇಂದ್ರ ಕೂಲಿಯ ಮೇಲೆ ಬೇರೆಯವರ ಕಬ್ಬಿಗೆ ನೀರು ಹಾಯಿಸುತ್ತಿದ್ದ. ನಮ್ಮ ಕಡೆ ಮೋಟಾರಿಗೆ ಕರೆಂಟು ಬರುವುದೇ ರಾತ್ರಿ. ಅವನಿಗೆ ಬುತ್ತಿ ಕೊಟ್ಟು ತಿರುಗಿದವಳು ಸೀದಾ ಮನೆಗೆ ಹೋಗಲಿಲ್ಲ. ದಾರಿಯಲ್ಲಿದ್ದ ಹಾಳು ಬಾವಿಯ ಹತ್ತಿರ ನಿಂತಳು. ಅವಳ ಜೀವವೇ ಆ ಬಾವಿಯೊಳಗೆ ಜೋತಾಡುತ್ತಿತ್ತು.

ಯಾಕೆ ಅಂತ ಹೇಳುತ್ತೇನೆ, ಕೇಳಿ.

ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಹರಕೆ, ಗಿಡಮೂಲಿಕೆ, ಜಡಿಬೂಟಿ ಎಲ್ಲ ಮುಗಿದ ಮೇಲೆ ಹುಮನಾಬಾದಿನ ಒಂದು ದವಾಖಾನೆಯ ಸುದ್ದಿ ಬಂತು. ಅಲ್ಲಿ ಏನೋ ಸಂಶೋಧನೆ ನಡೆದಿತ್ತು. ಕಡಿಮೆ ಔಷಧ ಕೊಟ್ಟು ಹೆಂಗಸಿನ ಹೊಟ್ಟೆಯಲ್ಲಿ ಮೊಟ್ಟೆ ಬೆಳೆಸುವುದು, ಹೊರಗೆ ತೆಗೆದು ಗಂಡನ ಬೀಜದ ಜೊತೆ ಕೂಡಿಸುವುದು, ಆಮೇಲೆ ಗರ್ಭದಲ್ಲಿ ಇಡುವುದು. ಬಡವರಿಗೆ ಪುಕ್ಕಟೆ. ಆದರೆ ಒಂದೇ ಸಲ. ಆ ಸಲ ಕೈತಪ್ಪಿದರೆ ಮತ್ತೆ ಹೆಸರು ಹಚ್ಚಿಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿದ್ದರು.

ಅವತ್ತು ಬೆಳಿಗ್ಗೆ ಡಾಕ್ಟರ್ ಮೇಡಂ ಸ್ಕ್ಯಾನಿಂಗ್ ನೋಡಿ ನಕ್ಕಿದ್ದರು. "ಮೊಟ್ಟಿ ಚಲೋ ಬೆಳೆದಾವ, ದ್ರೌಪತಿ. ಇದು ಕಡೀ ಇಂಜೆಕ್ಷನ್. ಇವತ್ತ ರಾತ್ರಿ ಹತ್ತಕ್ಕ ಹೊಟ್ಟಿಗಿ ಹಾಕ್ಕೋರಿ. ಹಿಂದ ಮುಂದ ಆಗಬಾರದು. ಇದು ಒಳಗ ಹೋದ್ರೇ ಮೊಟ್ಟಿ ಪಕ್ವ ಆಗ್ತಾವ. ನಾಡದು ಮುಂಜಾನಿ ತೆಗೀತೀವಿ. ರಾತ್ರಿ ಮಟ ಫ್ರಿಜ್ಜಿನಾಗ ಇಡ್ರಿ."

ಫ್ರಿಜ್ಜು ಇದ್ದದ್ದು ಪಕ್ಕದ ಮನೆಯ ತುಳಜಾಬಾಯಿಯ ಹತ್ತಿರ. ಎಮ್ಮೆ ಸಾಕಿ ಹಾಲು ಮಾರುವವಳು. ಮನಸ್ಸು ಕೆಟ್ಟದ್ದಲ್ಲ, ಆದರೆ ಬಾಯಿಗೆ ಬಾಗಿಲಿಲ್ಲ. ಅವಳ ಫ್ರಿಜ್ಜಿನಲ್ಲಿ ಇಟ್ಟದ್ದು ಚಾವಡಿಯಲ್ಲಿ ಇಟ್ಟ ಹಾಗೇ. ಅದೂ ಅಲ್ಲದೆ, ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಇವಳನ್ನೂ ಕರೆದಿದ್ದಳು. ಊಟಕ್ಕೆ ಹಾಕಿದಳು, ಕುಂಕುಮ ಕೊಟ್ಟಳು... ತೊಟ್ಟಿಲ ಹಗ್ಗ ಮಾತ್ರ ಮುಟ್ಟಗೊಡಲಿಲ್ಲ. ಅವತ್ತಿನಿಂದ ದ್ರೌಪತಿಗೆ ಆ ಹೊಸ್ತಿಲು ದಾಟಲು ಮನಸ್ಸಿರಲಿಲ್ಲ. ನನಗೂ ಆ ಮಾತು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಅವಳು ಒಂದು ಉಪಾಯ ಮಾಡಿದಳು. ಕೊಹಿನೂರದ ತವರಿನಲ್ಲಿ ಅವಳ ಅವ್ವ ಬೇಸಿಗೆಯಲ್ಲಿ ಬೆಣ್ಣೆಯ ಗಡಿಗೆಯನ್ನು ಬಾವಿಗೆ ಇಳಿಬಿಡುತ್ತಿದ್ದಳು, ಕರಗಬಾರದೆಂದು. ದ್ರೌಪತಿ ಇಂಜೆಕ್ಷನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಹಗ್ಗ ಕಟ್ಟಿ ಹಾಳು ಬಾವಿಗೆ ಇಳಿಬಿಟ್ಟಳು. ಯಾರೂ ಆ ಕಡೆ ಹೋಗುವುದಿಲ್ಲ. ಅದು ಧೂಳಮ್ಮನ ಬಾವಿ.

ಧೂಳಮ್ಮ ಯಾರೆಂದರೆ, ಬಹಳ ಹಿಂದಿನವಳು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆಗೆ ನಿಂತ. ಅರಿಶಿನದ ದಿನ ನೀರು ತರಲು ಹೋದವಳು ಬರಲೇ ಇಲ್ಲ, ಬರೀ ಕೊಡ ತೇಲಿತು. ಊರವರು ಹೀಗೆ ಹೇಳಿದಾಗಲೆಲ್ಲ ಮಚ್ಚೇಂದ್ರ ನಗುತ್ತಿದ್ದ. "ನಾವು ಬೌದ್ಧರು. ದೆವ್ವ ಗಿವ್ವ ನಮ್ಮ ಮನ್ಯಾಗ ನಡ್ಯಾಂಗಿಲ್ಲ," ಅನ್ನುತ್ತಿದ್ದ. ದ್ರೌಪತಿಯೂ ಹೂಂ ಅನ್ನುತ್ತಿದ್ದಳು. ಹಗಲಲ್ಲಿ ಹೂಂ ಅನ್ನುವುದು ಸುಲಭ.

ಈಗ ರಾತ್ರಿ.

ಬೆಳಕು ಹಚ್ಚಿದ ಮೊಬೈಲನ್ನು ಕಟ್ಟೆಯ ಮೇಲಿಟ್ಟು ಹಗ್ಗ ಬಿಚ್ಚಿದಳು. ಎಳೆಯತೊಡಗಿದಳು. ಹಗ್ಗ ಕಲ್ಲಿಗೆ ಉಜ್ಜಿ ಸರ್ರ್... ಸರ್ರ್... ಡಬ್ಬಿ ಗೋಡೆಗೆ ತಾಗಿ ಠಣ್. ಮತ್ತೆ ಸರ್ರ್... ಅಷ್ಟರಲ್ಲಿ ನಿಂತುಹೋಯಿತು. ಎಲ್ಲೋ ಸಿಕ್ಕಿಕೊಂಡಿದೆ ಅಂತ ಜಗ್ಗಿದಳು. ಬರಲಿಲ್ಲ. ಕೈ ಸಡಿಲ ಬಿಟ್ಟಳು... ಆಗ ಕೆಳಗಿನಿಂದ ಒಂದು ಸಲ ಜಗ್ಗಿತು. ಮೆಲ್ಲಗೆ. ಕೂಸು ಸೆರಗು ಜಗ್ಗಿದಷ್ಟೇ.

ಕೆಳಗೆ ಗಾಜಿನ ಬಳೆ ಸದ್ದು. ಕಿಣಿ... ಕಿಣಿ.

"ಯಾರದವ್ವಾ ಇದು?"

ಪಿಸುಮಾತು. ಹೆಂಗಸಿನ ದನಿ. ಆ ಬಾವಿಗೆ ನೀರಿನ ತನಕ ಮೆಟ್ಟಿಲುಂಟು ಅಂತ ಕೇಳಿದ್ದಳು. ಕುರಿ ಕಾಯುವವರು ಯಾರೋ ಇಳಿದಿದ್ದಾರೆ ಅಂದುಕೊಂಡಳು. ನೋಡಿ, ಆ ಹೊತ್ತಿಗೆ ಅವಳು ಹೆದರಿದ್ದು ದೆವ್ವಕ್ಕಲ್ಲ. ಊರಿಗೆ. ನಾಳೆ ಬೆಳಗಾದರೆ ಎಲ್ಲರ ಬಾಯಲ್ಲೂ ತನ್ನ ಹೊಟ್ಟೆಯ ಮಾತೇ.

"ಎಮ್ಮಿ ಔಷಧ ರೀ," ಅಂದಳು.

"ಎಮ್ಮಿಗಾ..."

"ಹೌದ್ರಿ. ತುಳಜಾಬಾಯಿ ಎಮ್ಮಿಗಿ."

ಎಲ್ಲೋ ಒಂದು ಹನಿ ಬಿತ್ತು... ತೊಟಕ್.

"ನಿನಗ ಬ್ಯಾಡೇನು?"

"ನನಗ್ಯಾಕ್ರಿ? ನಂದಲ್ಲ ಅದು."

"ನಿಂದಲ್ಲ..." ದನಿ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ ಹಾಗಿತ್ತು. "ಆತು ಹಂಗಾರ."

ಹಗ್ಗ ಸಡಿಲಾಯಿತು. ಡಬ್ಬಿ ಸರಸರ ಮೇಲೆ ಬಂತು. ಮುಚ್ಚಳ ಬಿಗಿಯಾಗಿತ್ತು, ಪ್ಲಾಸ್ಟಿಕ್ಕಿನ ಗಂಟು ಅವಳು ಹಾಕಿದ ಹಾಗೇ ಇತ್ತು, ಇಂಜೆಕ್ಷನ್ ತುಂಬಿಯೇ ಇತ್ತು. ಸಮಾಧಾನದಿಂದ ಮೊಬೈಲಿನ ಬೆಳಕು ತಿರುಗಿಸಿ ಮೆಟ್ಟಿಲ ಕಡೆ ನೋಡಿದಳು, ಕೆಳಗಿದ್ದವರಿಗೆ ಬರ್ತೀನ್ರಿ ಅನ್ನಲು. ಮೆಟ್ಟಿಲು ಅರ್ಧಕ್ಕೇ ಕುಸಿದಿತ್ತು. ಉಳಿದ ಅರ್ಧದ ತುಂಬ ಮುಳ್ಳುಕಂಟಿ. ಯಾರೂ ಇಳಿಯುವ ಹಾಗಿರಲಿಲ್ಲ.

ಮನೆ ಮುಟ್ಟುವ ತನಕ ಅವಳು ಹಿಂದೆ ನೋಡಲಿಲ್ಲ.

ಹತ್ತಕ್ಕೆ ಸರಿಯಾಗಿ ಹೊಟ್ಟೆಯ ಚರ್ಮ ಹಿಡಿದು ಸೂಜಿ ಚುಚ್ಚಿಕೊಂಡಳು. ಕಾಂತಾಬಾಯಿ ಅಂತ ದವಾಖಾನೆಯ ನರ್ಸು ಕಲಿಸಿದ್ದಳು, ಉರಿಯುತ್ತದೆ, ಹೆದರಬೇಡ ಅಂತಲೂ ಹೇಳಿದ್ದಳು. ಉರಿಯಲಿಲ್ಲ. ತಣ್ಣಗೆ ಹೋಯಿತು. ಒಳ್ಳೆಯದೇ ಆಯಿತು ಅಂದುಕೊಂಡಳು, ಪಾಪ.

ಒಂದು ದಿನ ಬಿಟ್ಟು ಮುಂಜಾನೆ ಗಂಡ ಹೆಂಡತಿ ಹುಮನಾಬಾದಿಗೆ ಹೋದರು. ಮಚ್ಚೇಂದ್ರ ಹೊಸ ಅಂಗಿ ಹಾಕಿದ್ದ. ಅರಿವಳಿಕೆ ಕೊಟ್ಟು ಒಳಗೆ ಕರೆದುಕೊಂಡು ಹೋದರು. ದ್ರೌಪತಿಗೆ ಎಚ್ಚರಾದಾಗ ಡಾಕ್ಟರ್ ಮೇಡಂ ಮಂಚದ ಪಕ್ಕ ನಿಂತಿದ್ದರು. ನಗು ಇರಲಿಲ್ಲ.

"ಒಂದೂ ಸಿಗಲಿಲ್ಲ, ದ್ರೌಪತಿ."

"ಏನಂದ್ರಿ?"

"ಮೊಟ್ಟಿ ಚೀಲ ಎಲ್ಲಾ ಅದಾವ. ಒಳಗ ಬರೀ ನೀರು. ರಕ್ತ ಪರೀಕ್ಷಾ ಮಾಡಿಸಿದೆ. ಆ ಔಷಧದ ಸುಳಿವೇ ಇಲ್ಲ. ನೀವು ಇಂಜೆಕ್ಷನ್ ಹಾಕ್ಕೊಂಡಿಲ್ಲ."

"ಹಾಕ್ಕೊಂಡೇನ್ರಿ! ನೋಡ್ರಿ ಇಲ್ಲಿ..." ಸೀರೆ ಸರಿಸಿ ಸೂಜಿಯ ಗುರುತು ತೋರಿಸಿದಳು. ಬಾವಿಗೆ ಇಳಿಬಿಟ್ಟಿದ್ದನ್ನೂ ಹೇಳಿದಳು, ಬಿಸಿಲಿಗೆ ಕೆಟ್ಟಿತೇನ್ರಿ ಅಂತ ಕೇಳಿದಳು.

"ಒಂದು ದಿನದ ಬಿಸಲಿಗಿ ಜರಾ ಕಮ್ಮಿ ಆಗಬಹುದು. ಪೂರ್ತಿ ನೀರು ಆಗಾಂಗಿಲ್ಲ," ಅಂದರು ಮೇಡಂ. ಅವರ ಕಣ್ಣೂ ತುಂಬಿತ್ತು. ಆದರೆ ಸಂಶೋಧನೆಯ ನಿಯಮ ಅವರ ಕೈಯಲ್ಲಿರಲಿಲ್ಲ. ಔಷಧ ತಪ್ಪಿಸಿದವರ ಹೆಸರು ಹೊಡೆದುಹಾಕಿದರು. ಅಲ್ಲಿಗೆ ಮುಗಿಯಿತು.

ವಾಪಸು ಬಸ್ಸು ಹತ್ತಿದರು. ಬಸವಕಲ್ಯಾಣ ಹತ್ತಿರ ಬಂದಾಗ ಮಚ್ಚೇಂದ್ರ ಕೇಳಿದ, "ಖರೇ ಹೇಳು. ಹಾಕ್ಕೊಂಡಿದ್ದೇನು?"

"ಹಾಕ್ಕೊಂಡಿದ್ದೆ."

"ಮತ್ತ ಎಲ್ಲಿ ಹೋತು?"

ಬಾವಿಯ ಮಾತು ಪೂರ್ತಿ ಹೇಳಿದಳು. ಬಳೆ, ದನಿ, ತಾನು ಅಂದ ಸುಳ್ಳು... ಎಲ್ಲ. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಬೈಯಲಿಲ್ಲ, ಹೊಡೆಯಲಿಲ್ಲ. ನಂಬಲಿಲ್ಲ ಅಷ್ಟೇ. ಅವತ್ತಿನಿಂದ ಒಂದೇ ಸೂರಿನ ಕೆಳಗೆ ಇಬ್ಬರು ಬಾಡಿಗೆಯವರ ಹಾಗೆ ಇದ್ದಾರೆ.

ಆಮೇಲೆ ಎಷ್ಟೋ ರಾತ್ರಿ ದ್ರೌಪತಿ ಬಾವಿಗೆ ಹೋದಳು. ಕಟ್ಟೆಗೆ ಎದೆಯಾನಿಸಿ ಒಳಗೆ ಕೂಗಿದಳು, "ನಂದೇ ಅದು! ಸುಳ್ಳು ಹೇಳಿದ್ದೆ! ನನಗ ಬೇಕಿತ್ತು!" ಬಾವಿ ಅವಳ ದನಿಯನ್ನೇ ಅವಳಿಗೆ ವಾಪಸು ಕೊಟ್ಟಿತು. ಬೇರೆ ಏನೂ ಕೊಡಲಿಲ್ಲ. ಮಳೆಗಾಲ ಹೋಯಿತು, ತೊಗರಿ ಕಟಾವು ಮುಗಿಯಿತು.

ಚಳಿ ಇಳಿಯುವ ಹೊತ್ತಿಗೆ ಒಂದು ರಾತ್ರಿ ಕೂಗಲು ಬಾಯಿ ತೆರೆದವಳು ಹಾಗೇ ನಿಂತಳು. ಕೆಳಗಿನಿಂದ ಸದ್ದು ಬರುತ್ತಿತ್ತು. ಅಳು ಅಲ್ಲ. ಚಪ್... ಚಪ್... ಚಪ್... ನಡುವೆ ಒಂದು ಸಣ್ಣ ಉಸಿರು. ಮತ್ತೆ ಚಪ್... ಚಪ್... ಹೆತ್ತವರಿಗೆ ಗೊತ್ತು ಅದೇನು ಅಂತ. ಹೆರದವಳಿಗೂ ಗೊತ್ತಾಯಿತು. ಕೂಸು ಮೊಲೆ ಕುಡಿಯುವ ಸದ್ದು.

ಅವಳು ಕೂಗಲಿಲ್ಲ. ಎಬ್ಬಿಸಬಾರದು ಅಂತ ಕಾಲ ಸಪ್ಪಳವಿಲ್ಲದೆ ಮನೆಗೆ ಬಂದಳು. ಬೆಳಗಿನ ತನಕ ಕೂತು ತನ್ನ ಹಳೇ ಕುಬಸದ ಅರಿವೆಯಲ್ಲಿ ಒಂದು ಕುಲಾಯಿ ಹೊಲಿದಳು. ಕೂಸಿನ ತಲೆಗೆ ಹಾಕುವುದು, ಗದ್ದದ ಕೆಳಗೆ ಕಟ್ಟಲು ಕಸೆ ಇರುತ್ತದಲ್ಲ, ಅದು. ಸಂಜೆ ಒಯ್ದು ಕಟ್ಟೆಯ ಮೇಲಿಟ್ಟಳು. ಮರುದಿನ ಇರಲಿಲ್ಲ. ಗಾಳಿಗೆ ಹಾರಿತು ಅಂದ ಮಚ್ಚೇಂದ್ರ.

ಹೋದ ತಿಂಗಳು ನಾನು ಮೋರಖಂಡಿಗೆ ಹೋಗಿದ್ದೆ. ದ್ರೌಪತಿ ಬಾಗಿಲು ಮುಂದೆ ಮಾಡಿ ಆ ಕುಲಾಯಿಯನ್ನು ನನ್ನ ಕೈಗಿಟ್ಟಳು. ಅವತ್ತೇ ಮುಂಜಾನೆ ಬಾವಿಯ ಕಟ್ಟೆಯ ಮೇಲೆ ಮಡಿಚಿಟ್ಟಿತ್ತಂತೆ.

"ನೋಡಕ್ಕಾ," ಅಂದಳು. "ದೊಡ್ಡದು ಬೇಕಾಗಿರಬೇಕು."

ತಿರುಗಿಸಿ ನೋಡಿದೆ. ಒಗೆದು ಒಣಗಿಸಿದ್ದರು. ಅವಳು ಹೊಲಿದದ್ದು ಕೆಂಪು ದಾರದಲ್ಲಿ. ಹಿಂದಿನ ಹೊಲಿಗೆಯನ್ನು ಯಾರೋ ಬಿಚ್ಚಿ, ಒಂದು ಬೆರಳು ಅಗಲ ಬಿಟ್ಟು, ಕರಿ ದಾರದಲ್ಲಿ ಮತ್ತೆ ಹೊಲಿದಿದ್ದರು... ಕೂಸಿನ ತಲೆ ಬೆಳೆದಾಗ ತಾಯಂದಿರು ಮಾಡುತ್ತಾರಲ್ಲ, ಹಾಗೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಇದೇ ಕೈಯಲ್ಲಿ ಹಿಡಿದದ್ದು, ಸುಳ್ಳು ಹೇಳಿ ನನಗೇನಾಗಬೇಕು? ಅರಿವೆಯೆಲ್ಲ ಒಣಗಿತ್ತು. ಒಂದು ಕಸೆಯ ತುದಿ ಮಾತ್ರ ಚೀಪಿ ಚೀಪಿ ಮೆತ್ತಗಾಗಿತ್ತು, ಇನ್ನೂ ಒದ್ದೆ ಇತ್ತು.