ಲೋರ್ನಾನ ಶಾವಿಗಿ ನಾ ಮುರದದ್ದು

...ಮುರೀಬ್ಯಾಡ, ಏ ರೋಶನಿ, ಕೈ ತಗಿ ಅಂದೆ! ಶಾವಿಗಿ ಹಂಗೇ ಉದ್ದಕ ನೀರಾಗ ಬಿಡು, ತಾನೇ ಮೆತ್ತಗಾಗ್ತದ. ಕೋಸು, ಗಜ್ಜರಿ ಸಣ್ಣಗ ಹೆಚ್ಚು, ಕೋಳಿ ಬೆಂದದ. "ಆಯಿ, ಪನ್ಸಿತ್ ಮಾಡು, ಪನ್ಸಿತ್ ಮಾಡು" ಅಂತ ಗಂಟುಬೀಳ್ತೀರಿ, ಎಲ್ಲೋ ಫಿಲಿಪೈನ್ಸ್ ದೇಶದವರ ಊಟ ಇದು, ನಾ ಕ್ರಿಸ್ಮಸ್‌ಕ್ಕ ಬೆವರ ಸುರಿಸಿ ಶೇಂಗಾ ಹೋಳಿಗಿ ಮಾಡಿದ್ರ ಅರ್ಧಾ ತಿಂದು ಏಳ್ತೀರಿ. ಹೊಟ್ಟಿ ಉರೀತದ ನನಗ. ನಿಮ್ಮ ಮ್ಯಾಲಲ್ಲ, ಲೋರ್ನಾನ ಮ್ಯಾಲೆ. ಮಸ್ಕತ್‌ದಾಗ ನನ್ನ ಜೋಡಿ ಅಡಗಿ ಮಾಡ್ತಿದ್ದಾಕಿ, ಇದನ್ನ ಅಲ್ಲಿ ತಂದಾಕಿ ಅಕಿನೇ.

ನಿಮ್ಮ ಮುತ್ಯಾ ಇಲ್ಲೇ ಕಲ್ಯಾಣದಾಗ ಲಾರಿ ರಿಪೇರಿ ಮಾಡಾಕತ್ತಿದ್ರು, ಜಾಕ್ ಜಾರಿ ಕಾಲು ಮುರೀತು, ಹಾಸಿಗಿ ಹಿಡದ್ರು. ಮನ್ಯಾಗ ರೊಟ್ಟಿ ಇದ್ರ ಪಲ್ಯ ಇಲ್ಲ, ಪಲ್ಯ ಇದ್ರ ರೊಟ್ಟಿ ಇಲ್ಲ. ನಿಮ್ಮಪ್ಪ ಆಗ ನಾಕು ವರ್ಷದವ... ಅಲ್ಲಲ್ಲ, ಐದು, ಸಾಲಿಗಿ ಹಚ್ಚಿದ್ದೆ. ಅವನ್ನ ಹುಮನಾಬಾದದಾಗ ನಮ್ಮವ್ವನ ಬಲ್ಲಿ ಬಿಟ್ಟು ಮಸ್ಕತ್‌ಕ್ಕ ಅಡಗಿ ಕೆಲಸಕ್ಕ ಹೋದೆ. ಬಸ್‌ಸ್ಟ್ಯಾಂಡಿನಾಗ ಸೆರಗು ಹಿಡದಾಂವ ಬಿಡವಲ್ಲ. ಇರಲಿ. ಮಸ್ಕತ್ ಮನ್ಯಾಗ ಏನಾಗ್ತಿತ್ತಂದ್ರ, ನಾ ಘಮ ಘಮ ಬಿರ್ಯಾನಿ ಮಾಡಿ ಇಟ್ರೂ ಆ ಮನಿ ಮಕ್ಕಳು "ಲೋರ್ನಾ! ಲೋರ್ನಾ! ಪನ್ಸಿತ್!" ಅಂತ ಅಕಿ ಹಿಂದೇ. ಅಕಿ ನಕ್ಕೋತ ಬಡಸಾಕಿ. ನಾ ಪಾತ್ರಿ ಧಡಲ್ ಅಂತ ಒಗೀತಿದ್ದೆ. ಒಂದಿನ ಆ ಮನಿ ಮೇಡಂ ಅಂದ್ರು, "ಇಬ್ಬರು ಅಡಗಿಯವರು ಯಾಕ ಬೇಕು? ರಮಜಾನ್ ಮುಗದ ಮ್ಯಾಲೆ ಒಬ್ಬಾಕಿ ಸಾಕು." ಕೆಲಸ ಹೋದ್ರ ಇಲ್ಲಿ ಒಲಿ ಹ್ಯಾಂಗ ಉರೀಬೇಕು?

ಅವತ್ತ ಲೋರ್ನಾ ಮ್ಯಾಲಿನ ಖೋಲ್ಯಾಗ ಇಸ್ತ್ರಿ ಮಾಡಾಕತ್ತಿದ್ಲು. ಅಕಿ ಕಪಾಟಿನಾಗ ಶಾವಿಗಿ ಪಾಕೀಟು ಇತ್ತು, ಅಕಿದೇ ಸ್ವಂತದ್ದು. ತಗದೇಬಿಟ್ಟೆ! ಏನ್ ಮಹಾ ಅದ ಅದರಾಗ, ನಾನೂ ಮಾಡಿ ತೋರಸ್ತೀನಿ, ಆಮ್ಯಾಲೆ ಅಕಿ ಯಾಕ ಬೇಕು? ನಮ್ಮವ್ವ ಶಾವಿಗಿ ಕುದಸೂ ಮುಂದ ಹ್ಯಾಂಗ ಮುರೀತಿದ್ಲೋ ಹಂಗ, ಚಟ್ ಚಟ್ ಚಟ್, ಬೆರಳಷ್ಟು ಬೆರಳಷ್ಟು ಮುರದೆ. ಲೋರ್ನಾ ಮುರೀತಿದ್ದಿಲ್ಲ, ಮೈಗಳ್ಳಿ ಅಂತ ತಿಳದಿದ್ದೆ ನಾ. ಕೋಳಿ, ಕೋಸು, ಸೋಯಾ ಸಾಸ್, ನಿಂಬಿಹಣ್ಣು, ಮ್ಯಾಲೆ ನಮ್ಮ ಕಡಿ ಸಾಸಿವಿ ಕರಿಬೇವಿನ ಒಗ್ಗರಣಿ. ಮಕ್ಕಳು ತಾಟು ನೆಕ್ಕಿದ್ರು. ಮೇಡಂ, "ಅರೆ, ನಿನಗೂ ಬರ್ತದಲ್ಲ!" ಅಂದ್ರು. ನಾ ಉಬ್ಬಿದೆ ಉಬ್ಬಿದೆ, ಕೇಳಬ್ಯಾಡ್ರಿ.

ಲೋರ್ನಾ ಕೆಳಗ ಬಂದ್ಲು. ಕಸದ ಬುಟ್ಟ್ಯಾಗಿನ ಪಾಕೀಟು ನೋಡಿದ್ಲು, ನಿಂತಬಿಟ್ಲು. ಹರಕಮುರಕ ಹಿಂದಿಯೊಳಗ ಮೆತ್ತಗ ಅಂದ್ಲು, "ಸಿಸ್ಟರ್, ಇವತ್ತ ನನ್ನ ಮಗ ಹುಟ್ಟಿದ ದಿನ. ಅಂವ ಊರಾಗ ಅಜ್ಜಿ ಬಲ್ಲಿ ಇದ್ದಾನ. ಅಂವ ಇಲ್ಲದಿದ್ರೂ ನಾ ವರ್ಷಾ ವರ್ಷಾ ಇದನ್ನ ಮಾಡ್ತೀನಿ. ಶಾವಿಗಿ ಉದ್ದ ಇದ್ರ ಆಯುಷ್ಯ ಉದ್ದ ಅಂತಾರ ನಮ್ಮಲ್ಲಿ, ಅದಕ್ಕ ಮುರೀಬಾರದು." ಅಂದು ಪಾಕೀಟಿನ ತಳದಾಗ ಕೈ ಹಾಕಿ ಹುಡಕಾಕತ್ತಿದ್ಲು, ಒಂದರೇ ಉದ್ದಂದು ಸಿಗ್ತದೇನು ಅಂತ. ಎಲ್ಲಿ ಸಿಗ್ತದ? ನಾ ಎಲ್ಲಾ ಮುರದಿದ್ದೆ. ಬಸ್‌ಸ್ಟ್ಯಾಂಡಿನಾಗ ಬಿಟ್ಟ ಬಂದ ನನ್ನ ಹುಡುಗ ಕಣ್ಣ ಮುಂದ ಬಂದ. "ತಪ್ಪಾತವ್ವಾ" ಅನ್ನಬೇಕಿತ್ತು, ನಾ ಪಾತ್ರಿ ತಿಕ್ಕಾಕ ಕುಂತೆ.

ರಮಜಾನ್ ಮುಗೀತು. ಎರಡೂ ಅಡಗಿ ಬರ್ತದಲ್ಲ ಅಂತ ಮೇಡಂ ನನ್ನ ಇಟ್ಕೊಂಡ್ರು, ಅಕಿನ್ನ ಊರಿಗಿ ಕಳಸಿದ್ರು. ಹೋಗೂ ಮುಂದ ಅಕಿ ನನಗ ಶಾವಿಗಿ ಹ್ಯಾಂಗ ನೆನೆ ಹಾಕೂದು ತೋರಿಸಿ, "ಮಕ್ಕಳಿಗಿ ಬರೋಬ್ಬರಿ ಮಾಡಿ ಹಾಕು, ಸಿಸ್ಟರ್" ಅಂದು ಹೋದ್ಲು. ನಾ ಗೆದ್ದೆ ನೋಡ್ರಿ! ಗೆದ್ದು, ಅಡಗಿಮನ್ಯಾಗ ಕುಂತು ಬಿಕ್ಕಿ ಬಿಕ್ಕಿ ಅತ್ತೆ. ಪಶ್ಚಾತ್ತಾಪ ಅಂತ ತಿಳೀಬ್ಯಾಡ್ರಿ, ಅದು ಆಮ್ಯಾಲೆ ಬಂತು. ಅಕಿ ಮಗನ ಬಲ್ಲಿ ಹೋದ್ಲಲ್ಲ, ನಾ ಮಂದಿ ಮಕ್ಕಳಿಗಿ ಉಣಸಕೋತ ಉಳದೆನಲ್ಲ, ಅದಕ್ಕೂ ಹೊಟ್ಟಿಕಿಚ್ಚು! ಅಕಿ ಕೆಲಸಾನೂ ಕಸಕೊಂಡು, ಅಕಿ ಮ್ಯಾಲೇ ಹೊಟ್ಟಿಕಿಚ್ಚು ಪಟ್ಟೆ. ಮುಂದ ಅಕಿ ಮನಿ ಹ್ಯಾಂಗ ನಡೀತೋ, ಆ ದೇವರಿಗೇ ಗೊತ್ತು. ಮಂದಿ ಒಲಿ ಆರಿಸಿ ಉಂಡ ತುತ್ತು ಗಂಟಲಾಗ ಇಳಿಯಂಗಿಲ್ಲ, ತಿಳೀತಾ? ಹ್ಞೂಂ, ತಾಟು ತರ್ರಿ.