ಸಾಲಿಗ್ರಾಮದ ಪೆಟ್ಟಿಗೆಯ ಅಡಿಯಲ್ಲಿ

ಇದು ಸಿರಸಂಗಿಯ ಗೌತಮಿಗೆ ಆದದ್ದು. ಅವರಿವರ ಬಾಯಿಂದ ಬಂದದ್ದಲ್ಲ, ಆಕೆಯೇ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದು. ನಗುವವರು ಈಗಲೇ ನಕ್ಕುಬಿಡಿ.

ಮಗ ಕೌಶಿಕನ ಮುಂಜಿವಿಗೆ ಹನ್ನೆರಡು ದಿನ ಉಳಿದಿತ್ತು. ಯರಗಟ್ಟಿಯಲ್ಲಿ ಬಟ್ಟೆಬರೆ ಕೊಂಡು ಹೊರಟರೆ ಬಸ್ಸು ನಡುದಾರಿಯಲ್ಲಿ ಕೆಟ್ಟಿತು. ಊರು ಮುಟ್ಟಿದಾಗ ರಾತ್ರಿ ಹತ್ತು ದಾಟಿತ್ತು. ಗೌತಮಿ ಒಬ್ಬಳೇ ಹಳೆಯ ಬಾವಿಯ ದಾರಿ ಹಿಡಿದಳು. ಮನಸ್ಸೇನೋ ಹಗುರವಾಗಿತ್ತು. ಎದೆಯ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲ, ಅದರಲ್ಲಿ ಏನೂ ಇಲ್ಲವೆಂದು ಗಂಡ ರಘೋತ್ತಮ ಹೇಳಿ ಮೂರು ವಾರವಾಗಿತ್ತು. ದಿನಾ ತಾಸುಗಟ್ಟಲೆ ದೇವರ ಮುಂದೆ ಕೂರುವ ಮನುಷ್ಯ. ನಂಬದೆ ಏನು ಮಾಡುತ್ತಾಳೆ?

ಬಾವಿ ಹತ್ತಿರ ಬಂತು...

ಕಿರ್ರ್... ಕಿರ್ರ್...

ನೀರು ಸೇದುವ ಗಡಗಡಿ ತಿರುಗುವ ಸದ್ದು. ಆ ಬಾವಿಯ ಗಡಗಡಿ ಕಿತ್ತು ಎಷ್ಟೋ ವರ್ಷವಾಗಿದೆ. ಆಮೇಲೆ ಕೊಡ ನೀರಿಗೆ ಬಿದ್ದ ಸದ್ದು, ದುಡುಂ... ಆಮೇಲೆ ಕಲ್ಲಿನ ಮೇಲೆ ಕಾಲುಂಗುರ. ಟಿಕ್... ಟಿಕ್...

"ಯಾರು?"

"ಗೌತಮೀ, ನಾನಽ."

ಕಮಲಾಬಾಯಿಯ ದನಿ. ರಘೋತ್ತಮನ ಅಣ್ಣನ ಹೆಂಡತಿ, ಗೌತಮಿ ಅಕ್ಕಾ ಎಂದೇ ಕರೆಯುತ್ತಿದ್ದ ಓರಗಿತ್ತಿ. ಅದೇ ಎದೆಯ ಗಂಟಿನಿಂದ ಸತ್ತು ನಾಲ್ಕು ವರ್ಷ.

"ನಿನಗೂ ಹೇಳಲಿಲ್ಲೇನು?"

"ಏನಕ್ಕಾ?"

"ಸಾದಾ ಗಂಟು ಅಂದ್ರು ನನಗ. ಎಲ್ಲಾರೂ ಅಂದ್ರು... ನೀನೂ ಅಂದಿ."

ನಿಜ. ಆಗ ಮನೆಯವರೆಲ್ಲ ಸೇರಿ, ಅದು ಕ್ಯಾನ್ಸರ್ ಗಂಟೆಂದು ಆಕೆಗೆ ಹೇಳುವುದು ಬೇಡವೆಂದು ಮಾತಾಡಿಕೊಂಡಿದ್ದರು. ಗೌತಮಿಯೂ ಗಂಜಿ ಕುಡಿಸುತ್ತ, ಎಂಟು ದಿನದಲ್ಲಿ ಎದ್ದು ಓಡಾಡುತ್ತೀರಿ ಎಂದಿದ್ದಳು.

"ತಪ್ಪಾತಕ್ಕಾ..."

"ಆತು. ಮನಿಗೆ ಹೋಗಿ ಸಾಲಿಗ್ರಾಮದ ಪೆಟಗಿ ಎತ್ತಿ ನೋಡು."

ಗೌತಮಿ ಮನೆಗೆ ಓಡಿದಳು.

ಆ ಮನೆಯಲ್ಲಿ ಸಾಲಿಗ್ರಾಮದ ಪೆಟ್ಟಿಗೆಯನ್ನು ಹೆಂಗಸರು ಮುಟ್ಟುವಂತಿಲ್ಲ. ಹದಿನೇಳು ವರ್ಷದ ಸಂಸಾರದಲ್ಲಿ ಗೌತಮಿ ಅದರ ಧೂಳನ್ನೂ ಒರೆಸಿದವಳಲ್ಲ. ಅಂದು ಎತ್ತಿದಳು. ಸ್ನಾನವಿಲ್ಲ, ಮಡಿಯಿಲ್ಲ, ಬಸ್ಸಿನಲ್ಲಿ ಬಂದ ಸೀರೆಯಲ್ಲೇ. ಅಡಿಯಲ್ಲಿ ಮಡಚಿಟ್ಟ ಕಾಗದವಿತ್ತು.

ಪರೀಕ್ಷೆಯ ರಿಪೋರ್ಟು. ಗಂಟಿನ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಎಷ್ಟಿದೆ ಎಂದು ಯಂತ್ರ ಅಳೆಯುತ್ತದೆ, ಎಷ್ಟು ಕೋಶಗಳು ಬೆಳೆದು ಎರಡಾಗಲು ಹೊರಟಿವೆ ಎಂದೂ ಲೆಕ್ಕ ಹಾಕುತ್ತದೆ ಎಂದು ಡಾಕ್ಟರು ಮೊದಲೇ ಆಕೆಗೆ ಬಿಡಿಸಿ ಹೇಳಿದ್ದರು. ಅದರ ಚಿತ್ರದಲ್ಲಿ ಗೆರೆ ಗುಡ್ಡದಂತೆ ಏಳುತ್ತದೆ, ಒಂದು ಗುಡ್ಡ ಇರಬೇಕಾದ ಜಾಗದಲ್ಲೇ ಇರುತ್ತದೆ. ಇರಬಾರದ ಜಾಗದಲ್ಲಿ ಇನ್ನೊಂದು ಎದ್ದರೆ ತಡ ಮಾಡಬಾರದು ಎಂದಿದ್ದರು. ಈ ಚಿತ್ರದಲ್ಲಿ ಇನ್ನೊಂದು ಎದ್ದಿತ್ತು. ಬೆಳೆಯುತ್ತಿರುವ ಕೋಶ ನೂರಕ್ಕೆ ಹತ್ತೊಂಬತ್ತು. ಕೆಳಗೆ ಡಾಕ್ಟರು ಕನ್ನಡದಲ್ಲೇ ಬರೆದಿದ್ದರು, ಇದೇ ವಾರ ಬಂದು ಅಡ್ಮಿಟ್ ಆಗಬೇಕು ಎಂದು. ತಾರೀಖು ಇಪ್ಪತ್ತೆರಡು ದಿನದ ಹಿಂದಿನದು.

ಸದ್ದಿಗೆ ರಘೋತ್ತಮ ಎದ್ದು ಬಂದ. ಅವನ ಕಣ್ಣು ಮೊದಲು ಹೋದದ್ದು ಪೆಟ್ಟಿಗೆಯ ಮೇಲೆ.

"ಪೆಟಗಿ ಮುಟ್ಟಿದೇನು?"

"ಇದನ್ನ ಯಾಕ ಮುಚ್ಚಿಟ್ರಿ?"

"ಮುಂಜಿವಿ ಮುಗೀಲಿ ಅಂತ... ಇಂಥಾ ಮುಹೂರ್ತ ಮತ್ತ ಸಿಗೂದಿಲ್ಲ. ಹನ್ನೆರಡು ದಿನದ ಮಾತದ."

"ನಾ ಮುಟ್ಟಂಗಿಲ್ಲ ಅಂತ ನಿಮಗ ಗೊತ್ತಿತ್ತು."

ರೋಗಕ್ಕಿಂತ ಅದೇ ಆಕೆಯ ಹೊಟ್ಟೆ ಉರಿಸಿತು. ಮನೆಯಲ್ಲಿ ಬೀಗವಿರುವ ಕಪಾಟಿತ್ತು, ಟ್ರಂಕು ಇತ್ತು. ಎಲ್ಲ ಬಿಟ್ಟು ಆಕೆಯ ಭಕ್ತಿಯನ್ನೇ ಬೀಗ ಮಾಡಿ ಜಡಿದಿದ್ದ. ಹೀಗೂ ಮೋಸ ಮಾಡುತ್ತಾರಾ?

ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ತಾನೂ ಬರುತ್ತೇನೆಂದ. "ಬ್ಯಾಡ್ರಿ" ಅಂದಳು, ಅಷ್ಟೇ.

ಬೆಳಗಾವಿಯ ಆಸ್ಪತ್ರೆಯಲ್ಲಿ ಒಂದು ನಿಯಮ. ಜೊತೆಗೆ ಯಾರಾದರೂ ಇಲ್ಲದಿದ್ದರೆ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ದಾರಿಯುದ್ದಕ್ಕೂ ಅದೇ ಚಿಂತೆ. ಯಾರ ಹೆಸರು ಹೇಳುವುದು? ಯಾರಿದ್ದಾರೆ ಈಗ? ಕೌಂಟರಿಗೆ ಹೋಗಿ ತನ್ನ ಹೆಸರು ಹೇಳಿದಳು. ಒಳಗಿನ ಹುಡುಗಿ ತಲೆಯೆತ್ತದೆ ಚೀಟಿ ಸರಿಸಿದಳು.

"ನಿಮ್ಮದು ಆಗೇತ್ರಿ. ನಿಮ್ಮ ಜೋಡಿ ಬಂದವರು ಮೊದಲಽ ಬರಸ್ಯಾರ."

"ಯಾರು?"

"ಇಲ್ಲೇ ಬೆಂಚಿನ ಮ್ಯಾಲೆ ಕುಂತಿದ್ರಲ್ಲ..."

ಬೆಂಚು ಖಾಲಿ ಇತ್ತು.

ಆಪರೇಷನ್ ಆಯಿತು, ಗೌತಮಿ ಬದುಕಿದ್ದಾಳೆ. ಈಗ ತವರಿನಲ್ಲಿದ್ದಾಳೆ. ಸುಳ್ಳು ಅನ್ನುವವರು ಹೋಗಿ ಕೇಳಿ, ಚೀಟಿ ತೋರಿಸುತ್ತಾಳೆ. ನಾವು ಕೈಯಲ್ಲಿ ಹಿಡಿದು ಓದಿದ್ದೇವೆ. ರೋಗಿಯ ಜೊತೆಗಿರುವವರು, ಕಮಲಾಬಾಯಿ. ಸಂಬಂಧ, ಅಕ್ಕ.